ಒಂಬತ್ತನೇ ಪಾಠ: ಬಿಡುವಿನ ವೇಳೆ

ಅಂಗಡಿಯ ಮೇಲಿನ ಮನೆ
ಭಾನುವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಿನ್ನ ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯೋ, ಇಲ್ಲ ಮಾತ್ರೆ ನುಂಗಿಕೊಂಡು ದಿನ ನೂಕುತ್ತಿದ್ದೀಯೋ? ನಿನ್ನ ಗಂಡ ಆರೋಗ್ಯವೇ? ನನಗೆ ಮೊಣಕಾಲು ನೋವೊಂದು ಬಿಟ್ಟರೆ ಬೇರೇನೂ ಇಲ್ಲ. ಅದೂ ಮೆಟ್ಟಿಲು ಹತ್ತುವಾಗ ಮಾತ್ರ ನೆನಪಾಗುತ್ತದೆ. ಬೈಂಡಿಂಗ್ ಕೆಲಸ ಎಂದಿನಂತೆ ನಡೆದಿದೆ. ಈ ತಿಂಗಳು ಶಾಲೆಗಳ ಹಾಜರಿ ಪುಸ್ತಕ ಆರುನೂರು ಹೊಲಿದು ಕೊಟ್ಟೆವು, ಒಂದರಲ್ಲೂ ಹಾಳೆ ಸಡಿಲವಿಲ್ಲ. ಅಂಗಡಿಯಲ್ಲಿ ಇಷ್ಟು ವರ್ಷ ಅಂಟು ಹಚ್ಚಿದ ನಿನ್ನ ಅಂಟಿನ ಮಾಮನಿಗೆ ಕಣ್ಣು ಮಂಜಾಗಿದೆ, ಆದರೂ ಅವನ ಬೆರಳಿಗೆ ಕಣ್ಣಿದೆ. ಹಚ್ಚಿದ ಅಂಟು ಅಂಚು ದಾಟುವುದಿಲ್ಲ.

ನಿನ್ನ ಕಾಗದ ಬಂದು ಐದು ವಾರವಾಯಿತು. 'ಎರಡು ತಿಂಗಳ ಮಟ್ಟಿಗೆ ಬಂದು ನಮ್ಮ ಜೊತೆ ಇರಮ್ಮಾ. ಮೂರು ವರ್ಷದಿಂದ ಕರೀತಿದ್ದೀನಿ. ಇದೇ ಕೊನೆ, ಇನ್ನು ಕರೆಯೋದಿಲ್ಲ' ಎಂದು ಬರೆದಿದ್ದೀಯ. ನೀನು ಹೇಳಿದ್ದನ್ನು ಮಾಡುವವಳೇ. ಆ ಹಟ ಎಲ್ಲಿಂದ ಬಂತೆಂದು ನಾನು ಬೇರೆಯವರನ್ನು ಕೇಳಬೇಕಾಗಿಲ್ಲ. ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ. ನಿನ್ನ ಮದುವೆಯ ಮಾತು ಬಂದಾಗ 'ಭಾಷೆ ಬಾರದವರ ಮನೇಲಿ ಮೂಗಿ ಥರ ಮೂಲೆ ಹಿಡಿದು ಕೂರೋದಕ್ಕೆ ನಾನು ಬರಲ್ಲ' ಎಂದಿದ್ದೆ, ಬರಲೂ ಇಲ್ಲ. ಆಡಿದ ಮಾತನ್ನು ಉಗುಳು ನುಂಗಿದಂತೆ ನುಂಗುವ ಅಭ್ಯಾಸ ನನಗಿಲ್ಲ. ಅದಕ್ಕೇ ಒಂದು ತೀರ್ಮಾನ ಮಾಡಿಕೊಂಡೆ. ನಿನ್ನ ಅತ್ತೆಯ ಜೊತೆ ಫೋನಿನಲ್ಲಿ ಹತ್ತು ನಿಮಿಷ, ಮಧ್ಯೆ ನೀನಾಗಲಿ ನಿನ್ನ ಗಂಡನಾಗಲಿ ಬಾಯಿ ಹಾಕದೆ, ಅವರ ಭಾಷೆಯಲ್ಲೇ ಮಾತಾಡಲು ನನ್ನಿಂದಾದರೆ ಬರುತ್ತೇನೆ. ಆಗದಿದ್ದರೆ ಇಲ್ಲ. ಈ ವಯಸ್ಸಿಗೆ ಸ್ಪ್ಯಾನಿಷ್ ಯಾಕೆ ಎಂದು ಕೇಳಿದವರಿಗೆಲ್ಲ, ನಿಮಗೆ ಬೇಕಾದ್ದು ರಿಜಿಸ್ಟರ್ ತಾನೆ, ತಗೊಂಡು ಹೊರಡಿ ಎಂದೆ.

ವಾಚನಾಲಯದ ಮಹಡಿಯಲ್ಲಿ ವಾರಕ್ಕೆ ಎರಡು ಸಂಜೆ ಪಾಠ. ಟೀಚರ್ ನಿನಗಿಂತ ಚಿಕ್ಕವಳು, ಕನ್ನಡಕ ಮೂಗಿನ ತುದಿಯಲ್ಲಿ. ಅಲ್ಲಿಯ ಪಠ್ಯಪುಸ್ತಕದ ಹೊಲಿಗೆ ನೋಡಿ ನನಗೆ ಹೊಟ್ಟೆ ಉರಿಯಿತು, ಎರಡನೇ ಪಾಠಕ್ಕೇ ಬೆನ್ನು ಬಿಟ್ಟಿದೆ. ಮನೆಗೆ ತಂದು ಹೊಸದಾಗಿ ಹೊಲಿದುಕೊಂಡೆ. ಒಂಬತ್ತನೇ ಪಾಠ ಬಿಡುವಿನ ವೇಳೆಯದು. ಅದಕ್ಕೆ ಅವರು 'ತ್ಯೆಂಪೊ ಲೀಬ್ರೆ' ಎನ್ನುತ್ತಾರೆ. ಬಿಡುವಿನಲ್ಲಿ ಏನು ಮಾಡುತ್ತೀರಿ, ಬರೆದುಕೊಂಡು ಬನ್ನಿ ಎಂದಳು. ನಾನು ಹನ್ನೊಂದು ವಾಕ್ಯ ಬರೆದೆ. ಬಿಡುವಿನಲ್ಲಿ ಅಂಟು ಕಾಯಿಸುತ್ತೇನೆ, ಬಿಡುವಿನಲ್ಲಿ ದಾರಕ್ಕೆ ಮೇಣ ಹಚ್ಚುತ್ತೇನೆ, ಬಿಡುವಿನಲ್ಲಿ ರಟ್ಟು ಕತ್ತರಿಸುತ್ತೇನೆ. ದೊಡ್ಡ ಕೆಲಸ ಮುಗಿದ ಮೇಲೆ ಮಾಡುವ ಚಿಕ್ಕ ಕೆಲಸಕ್ಕೇ ಬಿಡುವು ಎನ್ನುತ್ತಾರೆಂದು ಇಷ್ಟು ವರ್ಷ ತಿಳಿದಿದ್ದವಳು ನಾನು. ಟೀಚರ್ ಓದಿ, 'ಒಂದೂ ತಪ್ಪಿಲ್ಲ ಅಮ್ಮಾ. ಆದ್ರೆ ಇದು ಏಳನೇ ಪಾಠ, ಉದ್ಯೋಗದ್ದು. ಯಾರೂ ಹೇಳ್ದೆ, ಮಾಡದೆ ಇದ್ರೂ ಯಾರೂ ಬೈಯದೆ ಇರೋವಂಥದ್ದು ಏನು ಮಾಡ್ತೀರ?' ಎಂದಳು. 'ನನ್ನನ್ನ ಬೈಯೋರು ಇನ್ನೂ ಹುಟ್ಟಿಲ್ಲ' ಎಂದೆ. ಎಲ್ಲರೂ ನಕ್ಕರು. ನಾನು ಬರೆದ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡೆ.

ಉಳಿದವರು ಹೇಳಿದ್ದನ್ನು ಕೇಳಬೇಕಿತ್ತು ನೀನು. ನಮ್ಮ ತರಗತಿಯಲ್ಲೊಬ್ಬ ಟ್ಯಾಕ್ಸಿ ಓಡಿಸುವವನಿದ್ದಾನೆ, ಗಂಟಲೇ ಹಾರ್ನು. ಅವನು ಎದ್ದು ನಿಂತು, ಜನರನ್ನು ಇಳಿಸಿದ ಮನೆಗಳ ಬಾಗಿಲುಗಳನ್ನು ನೆನಪಿಟ್ಟುಕೊಂಡು ಬಣ್ಣದಲ್ಲಿ ಬರೆಯುತ್ತೇನೆ, ಇದುವರೆಗೆ ನಾನೂರು ಬಾಗಿಲು ಆಗಿವೆ ಎಂದ. ಸಿಡುಕುಮೂತಿಯ ನರ್ಸ್ ಒಬ್ಬಳು, ಅಡುಗೆಮನೆಯ ಚಿಲಕ ಹಾಕಿಕೊಂಡು ಒಬ್ಬಳೇ ಕುಣಿಯುತ್ತೇನೆ ಎಂದಳು. ತಮ್ಮ ಮಾತಿನಲ್ಲಿ ಕೇಳಿದ್ದರೆ ಇಬ್ಬರೂ 'ಏನಿಲ್ಲ, ಹೀಗೇ' ಎಂದು ಜಾರಿಕೊಳ್ಳುತ್ತಿದ್ದರು. ನೂರೇ ಶಬ್ದ ಗೊತ್ತಿರುವ ಭಾಷೆಯಲ್ಲಿ ಜಾರಿಕೊಳ್ಳಲು ಜಾಗವಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲೇ ಕೂತ ಜನರೊಳಗೆ ಇಷ್ಟೆಲ್ಲ ಇರುತ್ತದೆಯೇ ಎಂದು ಬಾಯಿ ತೆರೆದು ಕೂತಿದ್ದೆ.

ಇವತ್ತು ಬೆಳಿಗ್ಗೆ ನಿನ್ನ ಅತ್ತೆಗೆ ಫೋನು ಮಾಡಿದೆ. ತೊಡೆಯ ಮೇಲೆ ನಿಘಂಟು, ಎದುರಿಗೆ ಗಡಿಯಾರ. ಮೂರು ನಿಮಿಷ ಕ್ಷೇಮ, ಹವೆ, ಮನೆಯ ಕಿಟಕಿ ಬಾಗಿಲುಗಳಲ್ಲಿ ಕಳೆಯಿತು. ದೋಣಿಯ ಹಾಯಿ ಹೊಲಿಯುತ್ತೇನೆ ಎಂದರು, ನಾನು ಪುಸ್ತಕ ಹೊಲಿಯುತ್ತೇನೆ ಎಂದೆ, ಇಬ್ಬರೂ ನಕ್ಕೆವು. ಆಮೇಲೆ ದಾರಿ ಕಾಣದೆ ಒಂಬತ್ತನೇ ಪಾಠ ಕೇಳಿಯೇಬಿಟ್ಟೆ. ಬಿಡುವಿನಲ್ಲಿ ಏನು ಮಾಡುತ್ತೀರಿ? 'ಸಮುದ್ರ. ಈಜು. ನಿಮ್ಮ ಮಗಳು ಕಲಿಸ್ತಾಳೆ' ಎಂದರು. 'ನನ್ನ ಮಗಳು? ಈಜು?' ಎಂದೆ. 'ಮೀನಿನ ಹಾಗೆ!' ಎಂದರು. ಆಮೇಲೆ ಮಗುವಿಗೆ ತುತ್ತು ಕೊಡುವಂತೆ ಒಂದೊಂದೇ ಶಬ್ದ ನಿಧಾನವಾಗಿ ಕೊಟ್ಟರು. ಅರವತ್ತಮೂರು ವರ್ಷ ಸಮುದ್ರದ ಪಕ್ಕದಲ್ಲೇ ಬದುಕಿ ಪಾದಕ್ಕಿಂತ ಮೇಲೆ ನೀರು ಬರಗೊಟ್ಟವರಲ್ಲವಂತೆ, ಅಷ್ಟು ಭಯ. ನೀನು ಅವರ ಬೆನ್ನ ಕೆಳಗೆ ಮೊದಲು ಎರಡು ಕೈ ಇಟ್ಟೆಯಂತೆ, ಆಮೇಲೆ ಒಂದು ಕೈ, ಆಮೇಲೆ ಬೆರಳು. ಒಂದು ವರ್ಷವಾದ ಮೇಲೆ ಏನೂ ಇಲ್ಲ. 'ಈಗ ತೇಲ್ತೀನಿ. ಆಕಾಶ ನೋಡ್ತೀನಿ' ಎಂದರು. ತೇಲುವಾಗ ಏನು ಮಾಡುತ್ತೀರಿ ಎಂದು ಕೇಳಿದೆ. 'ಏನೂ ಇಲ್ಲ. ಕೆಲಸ ಮಾಡಿದ್ರೆ ಮುಳುಗ್ತೀನಿ' ಎಂದರು.

ಸುಮ್ಮನೆ ಕೂತರೆ ಮುಳುಗಿಹೋಗುತ್ತೀಯ, ಕೈಕಾಲು ಆಡಿಸು ಎಂದು ನಿನಗೆ ಹೇಳುತ್ತಲೇ ಬಂದವಳು ನಾನು. ಗಡಿಯಾರ ನೋಡಿದರೆ ಹನ್ನೆರಡು ನಿಮಿಷವಾಗಿತ್ತು.

ಅಂಗಡಿಗೆ ಇಳಿದೆ. ಭಾನುವಾರವಾದರೂ ಅಂಟಿನ ಮಾಮ ಪ್ರೆಸ್ಸಿನ ತಿರುಪು ಬಿಗಿ ಮಾಡುತ್ತ ಕೂತಿದ್ದ. ನಮ್ಮ ಹುಡುಗಿಗೆ ಈಜು ಬರುತ್ತದಂತೆ, ಗೊತ್ತಾ ಎಂದೆ. ಅವನು ತಲೆ ಎತ್ತಲಿಲ್ಲ. 'ಶನಿವಾರ ಶನಿವಾರ ಕಾಗದ ತರೋಕೆ ಹೋಗ್ತಿದ್ವಲ್ಲಮ್ಮಾ, ಗೋದಾಮಿನ ಹಿಂದೇನೇ ಈಜುಕೊಳ. ಅವಳು ನೀರಿಗಿಳಿಯೋಳು, ನಾನು ಟವಲ್ ಕಾಯ್ಕೊಂಡು ಮೆಟ್ಟಿಲ ಮೇಲೆ ಕೂರ್ತಿದ್ದೆ' ಎಂದ. ಎಷ್ಟು ವರ್ಷ ಎಂದೆ. ಏಳು ಎಂದ. ಏಳು ವರ್ಷ ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ ಎಂದು ರೇಗಿದೆ. 'ಮುಚ್ಚಿಟ್ಟಿದ್ದು ಮೊದಲ್ನೇ ವರ್ಷ ಅಮ್ಮಾ. ಆಮೇಲೆ ನೀವು ಕೇಳಿದ್ರೆ ಹೇಳಿಬಿಡೋಣ ಅಂತ ಕಾಯ್ತಾ ಇದ್ವಿ' ಎಂದು ಮತ್ತೆ ತಿರುಪು ಹಿಡಿದ.

ಒದ್ದೆ ಜಡೆ ಹಾಕಿಕೊಂಡು ನೀನು ಬರುತ್ತಿದ್ದದ್ದು ನೆನಪಿದೆ. ತಲೆ ಒರೆಸಿಕೊಳ್ಳುವುದಕ್ಕೂ ಆಗುವುದಿಲ್ಲವಾ ಎಂದು ಬೈಯುತ್ತ ನಾನೇ ಒರೆಸುತ್ತಿದ್ದೆ. ಎಷ್ಟು ಹಾಳೆ ಬಂತು, ಎಷ್ಟು ಹರಿದಿದೆ ಎಂದು ಕೇಳುತ್ತಿದ್ದೆ. ನಿನ್ನ ಕೂದಲು ನನ್ನ ಕೈಯಲ್ಲೇ ಇತ್ತು, ಯಾಕೆ ಒದ್ದೆ ಎಂದು ಒಂದು ಸಲವೂ ಕೇಳಲಿಲ್ಲ. ಅದನ್ನು ಬೇರೆ ದೇಶದ ಹೆಂಗಸೊಬ್ಬಳು ನನಗೆ ಬಾರದ ಭಾಷೆಯಲ್ಲಿ ಹೇಳಬೇಕಾಯಿತು. ಬೆಳಗಿನಿಂದ ಸೂಜಿಗೆ ದಾರ ಪೋಣಿಸಲು ಕೂತರೂ ಕಣ್ಣ ಮುಂದೆ ಬರುವುದು ಅದೇ. ಅಷ್ಟು ನೀರು, ಹೆದರಿದ ಒಬ್ಬಾಕೆ ಮಲಗಿದ್ದಾರೆ, ನೀನು ಪಕ್ಕದಲ್ಲಿ ಕೈ ಇಟ್ಟುಕೊಂಡು ನಿಂತಿದ್ದೀಯ, ಒಂದು ವರ್ಷ. ಹಟ ನನ್ನದಿರಬಹುದು. ಆ ತಾಳ್ಮೆ ನಾನು ಕೊಟ್ಟದ್ದಲ್ಲ. ಎಲ್ಲಿಂದ ತಂದೆಯೋ ಮಗಳೇ, ನನಗೆ ಗೊತ್ತಿಲ್ಲ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಬೀಗಿತ್ತಿಯವರಿಗೆ ನಮಸ್ಕಾರ, ಅವರು ಅಷ್ಟು ನಿಧಾನವಾಗಿ ಮಾತಾಡಿದ್ದಕ್ಕೆ ಇನ್ನೊಂದು ನಮಸ್ಕಾರ. ಹಲ್ಲು ಕೀಳಿಸಿಕೋ. ನೀನು ಎಲ್ಲಿದ್ದರೂ ನೀರು ನಿನ್ನನ್ನು ಹೊರಲಿ.

ನಿನ್ನ ಅಮ್ಮ

ಮರೆತಿದ್ದೆ: ಅಂಟಿನ ಮಾಮ ಈ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಹೊರಡುತ್ತೇನೆ. ನನ್ನ ಅಳತೆ ಎದೆ ನಲವತ್ತು, ಸೊಂಟ ಮೂವತ್ತೆಂಟು. ಈಜುವ ಬಟ್ಟೆ ಕಪ್ಪು ಬಣ್ಣದ್ದಿರಲಿ, ಮೊಣಕಾಲು ಮುಚ್ಚುವಂಥದ್ದು, ಹೊಲಿಗೆ ಗಟ್ಟಿ ನೋಡಿ ತಾ. ಬೀಗಿತ್ತಿಯವರನ್ನು ಕೈಬಿಟ್ಟಷ್ಟು ಬೇಗ ನನ್ನನ್ನು ಬಿಡಬೇಡ. ನಾನು ಹೇಳುವವರೆಗೆ ಬೆನ್ನ ಕೆಳಗಿಂದ ಕೈ ತೆಗೆಯಬಾರದು.