ಮೇಜಿನ ಮೇಲಿನ ಹೆಪ್ಪು

ಉದ್ಯಮ ಖಾತೆಯ ಸಾಹೇಬರೇ,

ಕೊಲ್ಲಾಪುರದ ನಿಮ್ಮ ಕಚೇರಿಯಲ್ಲಿ, ಕಿಟಕಿಯ ಗಾಳಿಗೆ ಕಾಗದ ಹಾರದಿರಲೆಂದು ಮೇಜಿನ ಮೇಲೆ ಇಟ್ಟುಕೊಂಡಿರುವ ಕಂಚಿನ ಗಟ್ಟಿ ನಿಮ್ಮದಲ್ಲ. ಅದು ಗಡಹಿಂಗ್ಲಜದಾಚೆ ಘಟ್ಟದ ಮೇಲಿರುವ ಕಂಚುಗಾರರ ಊರಿನದು. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ನಿಮಗೆ ಗೊತ್ತಿದೆ, ನಿಮ್ಮಂಥ ಇನ್ನೊಬ್ಬರಿಗೆ ಗೊತ್ತಾಗುವುದು ಬೇಡ.

ನಾನು ಅಲ್ಲಿಗೆ ಹೋದದ್ದು ಸ್ವಂತ ಕೆಲಸಕ್ಕೆ. ತೀರಿಹೋದ ನನ್ನಾಕೆ ಚನ್ನವ್ವ ತವರಿನಿಂದ ತಂದ ಕಂಚಿನ ಊಟದ ಗಂಗಾಳ ಸೀಳು ಬಿಟ್ಟಿತ್ತು. ಅದೇ ಊರಲ್ಲಿ ಎರಕ ಹೊಯ್ದದ್ದು, ಅಲ್ಲಿಯೇ ಕರಗಿಸಿ ಮತ್ತೆ ಮಾಡಿಸೋಣವೆಂದು ಹೊರಟೆ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಲಿಯಿಂದ ಓಡುವ ಬಸ್ಸು ಘಟ್ಟದ ಬುಡದಲ್ಲೇ ಕೈಕೊಟ್ಟಿತು, ಅಲ್ಲಿಂದ ನಡೆದೆ. ಊರಲ್ಲಿ ಒಂದು ಸುತ್ತಿಗೆಯ ಸದ್ದಿಲ್ಲ. ಕುಲುಮೆಯ ಬೂದಿಯಲ್ಲಿ ಕೋಳಿ ಮಲಗಿದ್ದವು.

"ಹೆಪ್ಪು ಇಲ್ರಿ ಕಾಕಾ," ಅಂದ ಹಿರಿಯ ಕಂಚುಗಾರ ಜೋತಿಬಾ. "ಹೆಪ್ಪಿಲ್ದ ನಾವು ಮೂಸಿ ಇಡಾಂಗಿಲ್ಲ."

ಪ್ರತಿ ಎರಕದಲ್ಲೂ ಅವರು ಒಂದು ಗಟ್ಟಿ ಕಂಚು ಉಳಿಸಿ, ಮುಂದಿನ ಎರಕಕ್ಕೆ ಲೋಹ ಕರಗಿಸುವ ಮೂಸೆಗೆ ಮೊದಲು ಅದನ್ನೇ ಹಾಕುತ್ತಾರೆ, ಹಾಲಿಗೆ ಹೆಪ್ಪು ಹಾಕಿದಂತೆ. ಇಡೀ ಊರಿಗೆ ಒಂದೇ ಗಟ್ಟಿ. ಅದನ್ನು ನೀವು ಸೈಂಟಿಫಿಕ್ ಎಕ್ಸಾಮಿನೇಶನ್ ಎಂದು ಹೇಳಿ ಸುಗ್ಗಿಯಲ್ಲಿ ಒಯ್ದಿರಿ. ಈಗ ಮಳೆಗಾಲ. ಗಟ್ಟಿ ಏನು ಮೆಟ್ರಿಕ್ ಪರೀಕ್ಷೆಗೆ ಕೂತಿದೆಯೇ?

ತಾಮ್ರ, ತವರ ಬೆರೆತರೆ ಕಂಚು, ಹೆಪ್ಪೆಂಬುದು ಸುಪರ್‌ಸ್ಟಿಶನ್ ಎನ್ನುವಿರಿ. ಇರಬಹುದು. ಕಾಲೇಜಿನಲ್ಲಿ ಕೆಮಿಸ್ಟ್ರಿ ನಾನೂ ಓದಿದ್ದೆ, ಪಾಸಾಗಲಿಲ್ಲ ಅಷ್ಟೆ. ಆದರೆ ಲಾಜಿಕ್ ಒಂದಿಷ್ಟು ನೆನಪಿದೆ: ಬರೀ ತಾಮ್ರ-ತವರವೇ ಆಗಿದ್ದರೆ, ಮರಳಿಸಲು ನಿಮಗೇಕೆ ಇಷ್ಟು ಸಂಕಟ?

ಅದಕ್ಕೇ ನಿಮ್ಮ ಕಚೇರಿಗೆ ಬಂದೆ.

"ಸಾಹೇಬ್ರು ಟೂರಿಗೆ ಹೋಗ್ಯಾರ್ರಿ," ಅಂದ ನಿಮ್ಮ ಸಿಪಾಯಿ ಕೃಷ್ಣಾತ.

ಗೂಟದಲ್ಲಿ ತೊಟ್ಟಿಕ್ಕುತ್ತಿದ್ದ ನಿಮ್ಮ ಕೊಡೆ ತೋರಿಸಿದೆ.

"ಅದು ಹೋಗಿಲ್ರಿ."

ಮೇಜಿನ ಮೇಲಿನ ಗಟ್ಟಿಯತ್ತ ಕೈ ಮಾಡಿದೆ. ಮೂಸೆಯ ತಳದಂತೆ ದುಂಡಗೆ, ಒಂದು ಮಗ್ಗುಲು ಉಳಿಯಿಂದ ಕಡಿದದ್ದು, ಜೋತಿಬಾ ಹೇಳಿದಂತೆಯೇ ಇತ್ತು. ಕೃಷ್ಣಾತ ತಲೆಯ ಟೋಪಿ ತೆಗೆದು ಅದರ ಮೇಲಿಟ್ಟ. "ಸರಕಾರಿ ಪೇಪರ್‌ವೇಟ್ ರೀ ಅದು."

ಪೇಪರ್‌ವೇಟಿಗೆ ಟೋಪಿ ತೊಡಿಸುವ ರೂಲು ಯಾವುದು, ಸಾಹೇಬರೇ?

ಮತ್ತೆ ಘಟ್ಟ ಹತ್ತಿ ಕಂಡದ್ದನ್ನು ಹೇಳಿದೆ. ಜೋತಿಬಾನ ಹೆಂಡತಿ, ಶಾಲನ ಎಂಬವಳು, ನನ್ನ ಗಂಗಾಳವನ್ನು ತಿರುವಿ ಮುರುವಿ ನೋಡಿದಳು.

"ಇದರಾಗೂ ಅದ ಹೆಪ್ಪು ಐತಲ್ರಿ ಕಾಕಾ. ಇದನ್ನ ಕರಗಿಸಿ ಗಟ್ಟಿ ಮಾಡಿದ್ರ ಕುಲುಮಿ ಹೊತ್ತತಾವ. ಆದ್ರ ಇಡೀ ಗಂಗಾಳ ಬೇಕಾಗ್ತೈತಿ."

"ಏ, ಸುಮ್ಮನಿರ," ಅಂದ ಜೋತಿಬಾ.

"ನನಗ ಬ್ಯಾರೆ ಮಾಡಿಕೊಡ್ತೀರಲ್ಲ?" ಎಂದೆ.

"ಕೊಡ್ತೇವ್ರಿ. ಅದು ಕಾಕೂನ ಗಂಗಾಳ ಆಗೂದಿಲ್ಲ," ಅಂದ ಜೋತಿಬಾ.

ಗಂಗಾಳವನ್ನು ಬಗಲಲ್ಲಿಟ್ಟುಕೊಂಡು ಘಟ್ಟ ಇಳಿದೆ. ಆ ಮಾತಿಗೆ ಉತ್ತರ ಕೊಡಬೇಕಾದವರು ನೀವು. ದಸರೆಯೊಳಗೆ ಆ ಗಟ್ಟಿ ಊರಿಗೆ ಮುಟ್ಟಬೇಕು. ನಿಮ್ಮ ಕಾಗದಗಳಿಗಾಗಿ ಪಂಚಗಂಗೆಯ ದಂಡೆಯಿಂದ ಒಳ್ಳೆಯ ಕಲ್ಲೊಂದನ್ನು ತೊಳೆದು ಕೃಷ್ಣಾತನ ಕೈಗೆ ಕೊಟ್ಟಿದ್ದೇನೆ. ಅದನ್ನೂ ಎಕ್ಸಾಮಿನೇಶನ್ನಿಗೆ ಕಳಿಸಬೇಡಿ. ಗಟ್ಟಿ ಮರಳಿದರೆ ಚನ್ನವ್ವನ ಗಂಗಾಳ ಮತ್ತೆ ಎರಕವಾಗುತ್ತದೆ, ನಾನು ಅದರಲ್ಲೇ ಉಣ್ಣುತ್ತೇನೆ. ಮರಳದಿದ್ದರೆ ಅದನ್ನು ಶಾಲನಳಿಗೆ ಕೊಟ್ಟು ಬರುತ್ತೇನೆ. ಆಮೇಲೆ ಆ ಊರಿನವರು ಎರಕ ಹೊಯ್ಯುವ ಪ್ರತಿ ಗುಡಿಗಂಟೆಯಲ್ಲೂ ಪ್ರತಿ ಗಂಗಾಳದಲ್ಲೂ ಚನ್ನವ್ವ ಇರುತ್ತಾಳೆ. ನನ್ನ ಮನೆಯಲ್ಲಿ ಮಾತ್ರ ಇರುವುದಿಲ್ಲ.

ಇಂತಿ,
ದಸರೆಯವರೆಗೆ ಪತ್ರಾವಳಿಯಲ್ಲಿ ಉಣ್ಣಲಿರುವ
ಸಿದ್ದರಾಯ, ದತ್ತವಾಡ