ಭಂಡಾರ ಹತ್ತಿದ ಕಾರ್ಡು

ನನ್ನ ಹವಾಲ್ದಾರ ಅಪ್ಪನಿಗೆ,

ನಿನ್ನ ಹುಕುಂ ಮುರಿದಿದ್ದೇನೆ. ಬೇರೆ ಯಾರಾದರೂ ಬಂದು ಚಾಡಿ ಹೇಳುವ ಮೊದಲು ನಾನೇ ತಿಳಿಸಿಬಿಡೋಣವೆಂದು ಬರೆಯಲು ಕುಳಿತೆ. ಮಾಜಿ ಸೈನಿಕರ ದವಾಖಾನೆಯ ಚೀಟಿ ಇಲ್ಲದೆ, ಅವ್ವನನ್ನು ಸೋಲಾಪುರದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೂರ್ತಿ ಕೇಳು, ನಡುವೆ ಬಾಯಿ ಹಾಕಬೇಡ.

ದವಾಖಾನೆಯ ಆ ಕಾರ್ಡುಗಳು ಬಂದ ದಿನ ನೆನಪಿದೆಯೇ? ನಿನಗೂ ಅವ್ವನಿಗೂ ಒಂದೊಂದು. ನೀನು, ಇದನ್ನು ತೋರಿಸಿದರೆ ದೊಡ್ಡ ಆಸ್ಪತ್ರೆಯಲ್ಲೂ ಪುಕ್ಕಟೆ ಇಲಾಜು ಎಂದು ವಳಸಂಗದ ನಮ್ಮ ಓಣಿಯ ತುಂಬ ಹೇಳಿಕೊಂಡು ಬಂದೆ. ಆಮೇಲೆ ಎರಡನ್ನೂ ದೇವರ ಜಗುಲಿಯ ಮೇಲಿನ ಬೀರೋಬಾನ ಭಂಡಾರದ ಡಬ್ಬಿಯಲ್ಲಿ, ಅರಿಶಿನ ಪುಡಿಯೊಳಗೆ ಹೂತಿಟ್ಟೆ. ಅವ್ವನ ಮೂಗುತಿ, ನಿನ್ನ ಮೆಡಲು, ನಮ್ಮ ಮನೆಯಲ್ಲಿ ಬೆಲೆಯುಳ್ಳದ್ದೆಲ್ಲ ಇರುವುದೇ ಅಲ್ಲಿ. ಕಾರ್ಡಿಗೂ ದೇವರದೇ ಕಾವಲು. ಜೊತೆಗೆ ನಿನ್ನದೊಂದು ಹುಕುಂ: ಮೊದಲು ನಮ್ಮ ದವಾಖಾನೆಯ ಚೀಟಿ, ಆಮೇಲೆ ದೊಡ್ಡ ಆಸ್ಪತ್ರೆ. ಆರ್ಡರ್ ಇಲ್ಲದೆ ಸಿಪಾಯಿ ಪೋಸ್ಟು ಬಿಡುವುದಿಲ್ಲ ಎನ್ನುತ್ತಿದ್ದೆ.

ನಿನ್ನ ಕೊನೆಯ ರವಿವಾರ ನನ್ನ ಕಣ್ಣಮುಂದೆಯೇ ಇದೆ. ಎದೆ ಹಿಡಿದುಕೊಂಡಿತ್ತು, ಮುಖ ಬೆವರಿತ್ತು. ಜೀಪು ತರಿಸುತ್ತೇನೆ ಎಂದರೆ ನನ್ನನ್ನೇ ಗದರಿಸಿದೆ. "ನಾಳಿ ದವಾಖಾನಿ ತೆರೀತೈತಿ. ಚೀಟಿ ತಗೊಂಡ ಹೋಗೂಣು" ಎಂದೆ. ಮರುದಿನ ದಾಡಿ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದೆ. ದವಾಖಾನೆಯ ಬೆಂಚಿನ ಮೇಲೆ ನೆಟ್ಟಗೆ ಕುಳಿತು ಸರದಿ ಕಾದೆ. ಅವರು ನಿನ್ನ ಹೆಸರು ಕೂಗಿದಾಗ ನೀನು ಏಳಲಿಲ್ಲ. ಹೆಸರು ಕರೆದರೆ ನಿದ್ದೆಯಲ್ಲೂ ಎದ್ದು ನಿಲ್ಲುತ್ತಿದ್ದವನು ನೀನು, ಅಪ್ಪಾ...

ಈ ಸಲವೂ ರವಿವಾರವೇ. ಅಕ್ಕಲಕೋಟದಿಂದ ಅವ್ವನನ್ನು ನೋಡಲು ಬಂದಿದ್ದೆ. ರೊಟ್ಟಿ ಬಡಿಯುತ್ತಿದ್ದವಳ ಎಡಗೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಬಾಯಿ ಒಂದು ಕಡೆ ವಾಲಿತು. ಊರಿನ ಡಾಕ್ಟರು ನೋಡಿದವರೇ, ಇದು ಲಕ್ವಾ, ತಡ ಮಾಡಿದರೆ ಜೀವಕ್ಕೇ ಅಪಾಯ, ಈಗಲೇ ಸೋಲಾಪುರಕ್ಕೆ ಒಯ್ಯಿರಿ ಎಂದರು. ಪಕ್ಕದ ಮನೆಯವರ ಜೀಪು ಬಂತು. ಭಂಡಾರದ ಡಬ್ಬಿಗೆ ಕೈ ಹಾಕಿ ಅವಳ ಕಾರ್ಡು ಎಳೆದುಕೊಂಡು ಓಡಿದೆ. ದಾರಿಯುದ್ದಕ್ಕೂ ಅವ್ವ ತೊದಲುತ್ತಿದ್ದುದು ಒಂದೇ ಮಾತು. "ಚೀಟಿ... ನಿಮ್ಮಪ್ಪ ಹೇಳ್ಯಾರ... ಚೀಟಿ..."

ಆಸ್ಪತ್ರೆಯ ಕೌಂಟರಿನವನು ಕಾರ್ಡನ್ನು ಮಷೀನಿಗೆ ಹಾಕಿದ. ಓದಲಿಲ್ಲ. ಊದಿ ಹಾಕಿದ, ಓದಲಿಲ್ಲ. ನಾನು ಸೆರಗಿನಿಂದ ಉಜ್ಜಿದೆ. ಕಾರ್ಡಿನ ಚಿಪ್‌ನ ಗೀರುಗಳೊಳಗೆಲ್ಲ ಭಂಡಾರದ ಅರಿಶಿನ ಕೂತಿತ್ತು. ಇದೇನು ಸಾರಿನಲ್ಲಿ ಬಿದ್ದಿತ್ತೇ ಎಂದು ಅವನು ಮರಾಠಿಯಲ್ಲಿ ಕೇಳಿದ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಕಾರ್ಡು ನಡೆಯುವುದಿಲ್ಲ, ನಿಮ್ಮ ದವಾಖಾನೆಗೆ ಇವತ್ತು ರವಿವಾರದ ಸೂಟಿ, ಹಣ ಕಟ್ಟಿರಿ, ಇಲ್ಲವಾದರೆ ನಾಳೆ ಚೀಟಿ ತನ್ನಿರಿ ಎಂದ. ಉಟ್ಟ ಸೀರೆಯಲ್ಲಿ ಓಡಿ ಬಂದವಳ ಬಳಿ ಏನಿರುತ್ತದೆ? ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವ್ವ ಗಾಲಿಕುರ್ಚಿಯಿಂದ ಏಳಲು ನೋಡಿದಳು, ಮನೆಗೆ ಹೋಗಲು. ನಿನ್ನ ಹೆಂಡತಿಯಲ್ಲವೇ!

ಸಿಟ್ಟು ಬಂದರೆ ನನಗೆ ಮರಾಠಿ ಮರೆತೇ ಹೋಗುತ್ತದೆ, ನಿನಗೆ ಗೊತ್ತು. ಅವ್ವನ ಭುಜ ಒತ್ತಿ ಕೂರಿಸಿ ಕನ್ನಡದಲ್ಲೇ ಹೇಳಿದೆ. "ಜೀವಕ್ಕ ಬಂದಾಗ ಚೀಟಿ ಬೇಕಾಗಂಗಿಲ್ರಿ. ಮೊದಲ ಒಳಗ ತಗೋರಿ, ಆಮ್ಯಾಲ ದವಾಖಾನಿಗೆ ತಿಳಸ್ರಿ. ಕಾಯದೇನ ಹಂಗೈತಿ. ನಮ್ಮಪ್ಪ ಚೀಟಿ ಕಾಯ್ಕೋತ ಕುಂತು ಹೋಗ್ಯಾನ. ಅವ್ವನ್ನ ನಾ ಕಾಯಾಕ ಬಿಡಂಗಿಲ್ಲ." ಗದ್ದಲ ಕೇಳಿ ಒಬ್ಬ ಡಾಕ್ಟರಮ್ಮ ಹೊರಗೆ ಬಂದಳು. ಅವ್ವನ ಎರಡೂ ಕೈ ಎತ್ತಿ ಬಿಟ್ಟಳು. ಎಡಗೈ ದಪ್ಪನೆ ಕೆಳಗೆ ಬಿತ್ತು. ಕಾರ್ಡಿನ ಮಾತು ಆಮೇಲೆ ಎಂದು ಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋದಳು. ಬಾಗಿಲು ಮುಚ್ಚಿತು. ಭಂಡಾರ ಹತ್ತಿದ ನನ್ನ ಹಳದಿ ಕೈಗಳನ್ನು ನೋಡುತ್ತ ನಾನು ಗೋಡೆಗೆ ಒರಗಿದೆ.

ಅವ್ವ ಬದುಕಿದಳು, ಅಪ್ಪಾ. ಮಾತು ತಿರುಗಿದೆ, ಬೈಗುಳವಂತೂ ಮೊದಲಿನಷ್ಟೇ ಸ್ವಚ್ಛವಾಗಿದೆ. ಎಡಗೈ ಇನ್ನೂ ಹಿಡಿತಕ್ಕೆ ಬಂದಿಲ್ಲ, ರೊಟ್ಟಿ ಒಂದು ಕಡೆ ದಪ್ಪವಾಗುತ್ತದೆ. ಹೊಸ ಕಾರ್ಡು ಬಂದಿದೆ. ಡಬ್ಬಿಯಲ್ಲಿಡಲು ನಾನು ಬಿಟ್ಟಿಲ್ಲ, ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದಾಳೆ. ಊರಿನ ನಿನ್ನ ಫೌಜಿ ಗೆಳೆಯರ ಮನೆಮನೆಗೂ ಹೋಗಿ ಈ ಕಾಯದೆ ಹೇಳಿ ಬರುತ್ತೇನೆ, ಮಾತು ಕೊಡುತ್ತೇನೆ.

ನಿನ್ನೆ ಜಗುಲಿ ಒರೆಸುತ್ತಿದ್ದಾಗ ಅವ್ವ, ಆ ಕಾಯದೆ ನನಗೆ ಯಾವಾಗ ತಿಳಿಯಿತು ಎಂದು ಕೇಳಿದಳು. ನೀನು ತೀರಿಕೊಂಡ ಮೇಲೆ ನಿನ್ನ ಕಾರ್ಡು ಮರಳಿಸಲು ನಾನು ಹೋದ ದಿನ ದವಾಖಾನೆಯಲ್ಲಿ ಹೇಳಿದ್ದರು. ಇಷ್ಟು ದಿನ ಅದನ್ನು ಅವಳಿಗೆ ಯಾವ ಬಾಯಿಂದ ಹೇಳಲಿ? ನಿನ್ನೆ ಹೇಳಿದೆ. ನಿನ್ನ ಫೋಟೋವನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಅವರಿಗೂ ಬರದ ತಿಳಸು. ಇಲ್ಲಾಂದ್ರ ಅಲ್ಲಿನೂ ಪಾಳಿ ಹಚ್ಚಿ ಕುಂತಿರ್ತಾರ" ಎಂದಳು.

ಅದಕ್ಕೇ ಬರೆದೆ. ಅಪ್ಪಾ, ಅವತ್ತು ನಿನಗೂ ಚೀಟಿ ಬೇಕಾಗಿರಲಿಲ್ಲ.

ನಿನ್ನ ಮಗಳು