ಒಂಬತ್ತನೆಯ ಬಟ್ಟೆ

ಗ್ಯಾರೇಜಿನ ಮೇಲಿನ ಮನೆ
ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಮಗಳೇ, ನನ್ನ ಮೇಸ್ತ್ರಿಯೇ,

ಹೇಗಿದ್ದೀಯಮ್ಮಾ? ಸೊಂಟದ ನೋವು ಈಗ ಹೇಗಿದೆ? ಹೋದ ವಾರ ಭೇಟಿಗೆ ಬಂದಾಗ ಜಾಲರಿಯಾಚೆ ನೀನು ಎಡಗೈ ಬೆಂಚಿಗೆ ಊರಿ ಮೆಲ್ಲಗೆ ಕೂತದ್ದನ್ನು ನೋಡಿದೆ. ಕೇಳಿದರೆ ‘ಏನಿಲ್ಲಪ್ಪ’ ಅಂದೆ. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವವನಿಗೆ ಮಗಳ ಸೊಂಟ ತಿಳಿಯುವುದಿಲ್ಲವೇ? ಮಲಗುವಾಗ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೋ. ಅಮ್ಮ ಕಳಿಸಿದ ಉಣ್ಣೆಯ ಕಾಲುಚೀಲ ಕೈಗೆ ಬಂತೋ, ಜೈಲಿನ ಬಾಗಿಲಲ್ಲೇ ಯಾರಾದರೂ ಇಟ್ಟುಕೊಂಡರೋ? ಊಟ ಮಾತ್ರ ಬಿಡಬೇಡ, ರುಚಿ ಇಲ್ಲದಿದ್ದರೂ ನುಂಗು. ನಾವು ಇಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ. ಕ್ಷೇಮವಾಗಿಲ್ಲ, ಸುಳ್ಳು ಯಾಕೆ? ರಸ್ತೆಯಲ್ಲಿ ಯಾರಾದರೂ ಬ್ರೇಕ್ ಹಾಕಿದ ಸದ್ದು ಕೇಳಿದರೂ ಅಮ್ಮ ಕೈಯ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಾಳೆ. ನಾನು ಗ್ಯಾರೇಜಿನ ಶಟರನ್ನು ಅರ್ಧ ಮಾತ್ರ ಎತ್ತುತ್ತೇನೆ. ಬಗ್ಗಿ ಒಳಗೆ ಬರುವವರು ಯಾರೂ ಇಲ್ಲ.

ವಕೀಲರು ಹೇಳಿದರು, ಸೋಮವಾರ ನೀನು ತಪ್ಪೊಪ್ಪಿಕೊಳ್ಳುತ್ತೀಯಂತೆ. ‘ಅತಿವೇಗದಿಂದ ಕಾರು ಓಡಿಸಿದೆ, ನನ್ನ ಬೇಜವಾಬ್ದಾರಿಯಿಂದ ಒಬ್ಬ ಮನುಷ್ಯ ಸತ್ತ’ ಅಂತ ನ್ಯಾಯಾಧೀಶರ ಎದುರು ಹೇಳುತ್ತೀಯಂತೆ. ಒಪ್ಪಿಕೊಂಡರೆ ನಾಲ್ಕು ವರ್ಷ, ವಾದ ಮಾಡಿ ಸೋತರೆ ಏಳು ಅಂತ ಅವರ ಅಂದಾಜು. ನೀನು ತಲೆಯಾಡಿಸಿದೆಯಂತೆ. ಮಗಳೇ, ಒಪ್ಪಿಕೊಳ್ಳಬೇಡ. ಯಾವ ಕಾಗದಕ್ಕೂ ಸಹಿ ಹಾಕಬೇಡ. ಕಾರಣ ಬರೆಯುತ್ತೇನೆ. ಬರೆಯುವುದು ಸುಲಭವಲ್ಲ, ಬೆಳಗ್ಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ಅದಕ್ಕೇ ಸ್ವಲ್ಪ ಸುತ್ತು ಬಳಸಿ ಬರುತ್ತೇನೆ, ಸಹಿಸಿಕೋ.

ಮೊದಲು ಕಾರಿನ ವಿಷಯ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದಾನಲ್ಲ ಮುದುಕ ಅಂದುಕೊಳ್ಳಬೇಡ. ಈ ಕಾಗದವನ್ನು ನಿನಗಿಂತ ಮೊದಲು ಜೈಲಿನ ಅಧಿಕಾರಿಗಳು ಓದಿ ಮುದ್ರೆ ಒತ್ತುತ್ತಾರೆ. ಕಾರಿನ ಗಂಧಗಾಳಿ ಇಲ್ಲದವರಿಗೂ ಅರ್ಥವಾಗಬೇಕು. ಅದು ಕಣ್ಣಿನ ಡಾಕ್ಟರದು, ಕಡುನೀಲಿ ಬಣ್ಣದ ಹಳೆಯ ಮಾದರಿಯ ಐಷಾರಾಮಿ ಸೆಡಾನ್. ಎಂಟು ಸಿಲಿಂಡರ್, ಅವುಗಳ ನೆತ್ತಿಯ ಮೇಲೆ ಸೂಪರ್‌ಚಾರ್ಜರ್. ಇಂಜಿನ್ನು ತನ್ನ ಪಾಡಿಗೆ ತಾನು ಉಸಿರೆಳೆದುಕೊಂಡರೆ ಸಾಮಾನ್ಯ ಶಕ್ತಿ. ಈ ಯಂತ್ರ ಅದರ ಬಾಯಿಗೆ ಗಾಳಿಯನ್ನು ತುರುಕುತ್ತದೆ. ಬೆಲ್ಟಿನಿಂದ ತಿರುಗುವ ಎರಡು ತಿರುಚಿದ ಉರುಳೆಗಳು, ಒಂದಕ್ಕೊಂದು ಕೂದಲೆಳೆಯಷ್ಟು ಹತ್ತಿರ ಸುತ್ತಿದರೂ ತಾಗುವುದಿಲ್ಲ. ಮೊದಲ ಸಲ ಅದನ್ನು ಬಿಚ್ಚಿದಾಗ ನೀನು ಕೈ ಒರೆಸಿಕೊಂಡು ಸುಮ್ಮನೆ ನೋಡುತ್ತಾ ನಿಂತಿದ್ದೆ, ‘ಇದನ್ನ ಮಾಡಿದವನ ಕೈಗೆ ಮುತ್ತು ಕೊಡ್ಬೇಕು’ ಅಂದಿದ್ದೆ. ಹಿಂದಿನ ಸೀಟಿನಲ್ಲಿ ಕೂತವರ ಕೈಯ ಕಾಫಿ ತುಳುಕದಂತೆ ಹೋಗುವ ಎರಡು ಟನ್ನಿನ ಕಾರು, ಪೆಡಲ್ ಪೂರ್ತಿ ಒತ್ತಿದರೆ ಐದು ಸೆಕೆಂಡಿನಲ್ಲಿ ನೂರು ದಾಟುತ್ತಿತ್ತು. ಅಂಥದ್ದನ್ನು ನಂಬಿ ನಮ್ಮ ಕೈಗೆ ಕೊಡುತ್ತಾರಲ್ಲ ಅಂತ ನನಗೆ ಜಂಬವಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಅವತ್ತಿನ ಕೆಲಸ ಸೂಪರ್‌ಚಾರ್ಜರಿನ ಅಡಿಯ ನೀರಿನ ಕೊಳವೆ ಬದಲಿಸುವುದು. ಅದನ್ನು ಎತ್ತಿ ಪಕ್ಕಕ್ಕಿಟ್ಟರೆ ಕೆಳಗೆ ಎಂಟು ತೂತುಗಳು ಬಾಯಿ ತೆರೆದುಕೊಂಡಿರುತ್ತವೆ, ಹಿಂದೆ ಗಾಳಿ ಬರುವ ಕೊಳವೆಯ ಬಾಯಿ ಒಂದು. ಒಂದು ನಟ್ಟು ಒಳಗೆ ಬಿದ್ದರೂ ಇಂಜಿನ್ನೇ ಪುಡಿ. ಅದಕ್ಕೆ ನಮ್ಮಲ್ಲಿ ಒಂಬತ್ತು ಕೆಂಪು ಬಟ್ಟೆ ತುರುಕುವ ಪದ್ಧತಿ. ತೆಗೆಯುವಾಗ ಒಂದು, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸಬೇಕು, ಒಂಬತ್ತು ಅಂದಮೇಲೇ ಸ್ಪ್ಯಾನರ್ ಮುಟ್ಟಬೇಕು. ನಾನೇ ಮಾಡಿದ ನಿಯಮ. ಎಣಿಸದೆ ಮುಚ್ಚಿದ್ದಕ್ಕೆ ಒಮ್ಮೆ ನಿನ್ನನ್ನು ಮೂರು ದಿನ ಗ್ಯಾರೇಜಿನೊಳಗೆ ಬಿಟ್ಟಿರಲಿಲ್ಲ.

ನೀನು ಬೆಲ್ಟ್ ತರಲು ಹೋಗಿದ್ದೆ. ಡಾಕ್ಟರು ಕೋಟು ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತು ಹತ್ತು ನಿಮಿಷಕ್ಕೊಮ್ಮೆ ‘ಆಯ್ತಾ?’ ಅನ್ನುತ್ತಿದ್ದರು. ಅಷ್ಟು ದೊಡ್ಡ ಮನುಷ್ಯರ ಎದುರು ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಗಟ್ಟಿಯಾಗಿ ಎಣಿಸಲು ನನಗೆ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡು ಬಟ್ಟೆ ತೆಗೆದೆ. ಮುಂದಿನ ಎಂಟನ್ನು ತೆಗೆದೆ. ಹಿಂದಿನದು ಕೊಳವೆಯೊಳಗೆ ಒಂದು ಗೇಣು ಆಳದಲ್ಲಿತ್ತು, ಕಣ್ಣಿಗೆ ಬೀಳಲಿಲ್ಲ. ಹಾಗೆಯೇ ಮುಚ್ಚಿದೆ.

ಮುಂದಿನದು ನಿನಗೆ ಅರ್ಥವಾಗುತ್ತದೆ, ಓದುವ ಅಧಿಕಾರಿಗಳಿಗೆ ಬಿಡಿಸಿ ಹೇಳುತ್ತೇನೆ. ಗಾಳಿಯ ದಾರಿಯಲ್ಲಿ ಥ್ರಾಟಲ್ ಅಂತ ಒಂದು ಬಿಲ್ಲೆ ಇರುತ್ತದೆ. ಪೆಡಲ್ ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ನೀನು ಕಾರನ್ನು ಪರೀಕ್ಷೆಗೆ ಹೊರಗೆ ಒಯ್ದು ಮೆಲ್ಲಗೆ ಓಡಿಸುವಾಗ ಆ ಬಟ್ಟೆ ಕೊಳವೆಯಲ್ಲಿ ತೆಪ್ಪಗೆ ಕೂತಿತ್ತು. ಬೆಲ್ಟ್ ಜಾರುತ್ತದೋ ಎಂದು ನೋಡಲು ಇಂಥ ಕೆಲಸವಾದಮೇಲೆ ಒಮ್ಮೆ ಪೂರ್ತಿ ಪೆಡಲ್ ಒತ್ತಲೇಬೇಕು. ನೀನು ಖಾಲಿ ರಸ್ತೆ ನೋಡಿ ಒತ್ತಿದೆ. ಗಾಳಿಯ ಸೆಳೆತಕ್ಕೆ ಬಟ್ಟೆ ಹೋಗಿ ಬಿಲ್ಲೆಗೆ ಸಿಕ್ಕಿಕೊಂಡಿತು. ನೀನು ಕಾಲು ತೆಗೆದರೂ ಬಿಲ್ಲೆ ಮುಚ್ಚಲಿಲ್ಲ. ಇನ್ನು ಬ್ರೇಕು. ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡಬೇಕಾದರೆ ಆ ಬಿಲ್ಲೆ ಮುಚ್ಚಿರಬೇಕು. ತೆರೆದೇ ಇದ್ದರೆ ಎರಡು ಸಲ ಒತ್ತುವಷ್ಟರಲ್ಲಿ ಬೂಸ್ಟರಿನ ಬಲ ಮುಗಿಯಿತು, ಆಮೇಲೆ ಪೆಡಲ್ ಕಲ್ಲು. ನೀನು ಗೇರು ಬಿಡಿಸಿದೆ, ಕೀಲಿ ತಿರುಗಿಸಿದೆ, ಎಲ್ಲ ಸರಿಯಾಗಿಯೇ ಮಾಡಿದೆ. ಅಷ್ಟರಲ್ಲಿ ರಸ್ತೆ ಮುಗಿದಿತ್ತು. ಮೂಲೆಯ ಗಡಿಯಾರ ರಿಪೇರಿಯವರು ಅಂಗಡಿಯ ಮೆಟ್ಟಿಲಿಳಿಯುತ್ತಿದ್ದರು.

ಠಾಣೆಯಲ್ಲಿ ನಿನ್ನನ್ನು ಮೊದಲು ನೋಡಿದಾಗ ನೀನು ‘ಬ್ರೇಕ್ ಕಲ್ಲಾಗಿತ್ತಪ್ಪಾ’ ಅಂದೆ. ಆ ಒಂದು ಮಾತಿಗೇ ನನಗೆ ಎಲ್ಲ ತಿಳಿಯಿತು. ಅಲ್ಲೇ ನಿಂತು ಪೊಲೀಸರಿಗೆ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: ‘ಆ ಮಾತು ಬಿಡು, ಯಾರೂ ನಂಬಲ್ಲ.’ ಹತ್ತಿರದ ಗ್ಯಾರೇಜು ನಮ್ಮದೇ ಆದ್ದರಿಂದ ಕಾರನ್ನು ಎಳೆದು ತಂದು ನಮ್ಮ ಅಂಗಳದಲ್ಲೇ ನಿಲ್ಲಿಸಿದ್ದರು, ತಪಾಸಣೆ ಅಧಿಕಾರಿ ಮರುದಿನ ಬರುವವರಿದ್ದರು. ಸಂಜೆ ಬೆಳಕು ಇರುವಾಗಲೇ ಕೊಳವೆ ಬಿಚ್ಚಿದೆ. ಬಟ್ಟೆ ಅಲ್ಲೇ ಇತ್ತು, ಅರ್ಧ ಚಿಂದಿಯಾಗಿ. ಎಳೆದ ಕೂಡಲೇ ಬಿಲ್ಲೆ ಟಕ್ಕನೆ ಮುಚ್ಚಿಕೊಂಡಿತು. ಬಟ್ಟೆಯನ್ನು ಒಲೆಗೆ ಹಾಕಿದೆ. ಮರುದಿನ ಅಧಿಕಾರಿ ಬಂದು ಥ್ರಾಟಲ್ ಸರಿ, ಬ್ರೇಕ್ ಸರಿ, ಚಾಲಕಿಯ ಅತಿವೇಗ ಅಂತ ಬರೆದುಕೊಂಡು ಹೋದರು. ಅವರಿಗೆ ನಾನೇ ಟಾರ್ಚು ಹಿಡಿದಿದ್ದೆ.

ಯಾಕೆ ಹಾಗೆ ಮಾಡಿದೆ? ನಿನ್ನನ್ನು ಉಳಿಸಲು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಅಲ್ಲ. ಹೆದರಿದೆ. ನಲವತ್ತು ವರ್ಷದ ಹೆಸರು ಹೋಗುತ್ತದೆ, ಈ ವಯಸ್ಸಿನಲ್ಲಿ ಒಳಗೆ ಹೋಗಬೇಕಾಗುತ್ತದೆ ಅಂತ ಹೆದರಿದೆ. ನಿನಗೆ ಹೇಗೂ ಜಾಮೀನು ಸಿಗುತ್ತದೆ, ವಯಸ್ಸು ಚಿಕ್ಕದು ಅಂತ ಲೆಕ್ಕ ಹಾಕಿದೆ. ಜಾಮೀನೂ ಸಿಗಲಿಲ್ಲ. ಸ್ವಂತ ಮಗಳ ಮೇಲೆ ಅಂಥ ಲೆಕ್ಕ ಹಾಕಿದವನನ್ನು ಏನೆಂದು ಕರೆಯಬೇಕೋ ನೀನೇ ಹೇಳು. ಗಡಿಯಾರದವರ ಮನೆಗೂ ಹೋಗಿದ್ದೆ. ಅವರ ಹೆಂಡತಿ ಕುರ್ಚಿ ಎಳೆದು ಹಾಕಿ ನೀರು ಕೊಟ್ಟರು, ‘ನಿಮ್ಮ ಮಗಳು ಜೋರಾಗಿ ಓಡಿಸೋ ಹುಡುಗಿ ಅಲ್ಲ, ಹೇಗಾಯ್ತು ಇದು?’ ಅಂತ ಕೇಳಿದರು. ನಾನು ನೀರು ಕುಡಿದು ಎದ್ದು ಬಂದೆ.

ಅಮ್ಮನಿಗೆ ಇವತ್ತು ಬೆಳಗ್ಗೆ ಎಲ್ಲ ಹೇಳಿದೆ. ಅಳಲಿಲ್ಲ, ಬಯ್ಯಲೂ ಇಲ್ಲ. ಸೋಮವಾರಕ್ಕೆ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಳು. ಈಗ ಅವಳ ಆಶೀರ್ವಾದವನ್ನಷ್ಟೇ ಬರೆಯುತ್ತಿದ್ದೇನೆ, ನನ್ನದಕ್ಕೆ ಬೆಲೆ ಇದೆಯೋ ಇಲ್ಲವೋ ಗೊತ್ತಿಲ್ಲ. ಬೆಚ್ಚಗೆ ಮಲಗು, ಹೊಟ್ಟೆ ತುಂಬ ಉಣ್ಣು, ಸೊಂಟ ಜೋಪಾನ.

ನಿನ್ನ
ಅಪ್ಪ

ಮತ್ತೆ: ಬಸ್ಸಿಗೆ ಹೊತ್ತಾಯಿತು, ಇದನ್ನು ನಾನೇ ಜೈಲಿನ ಬಾಗಿಲಲ್ಲಿ ಕೊಟ್ಟು ಬರುತ್ತೇನೆ. ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ನಿನ್ನೆ ವಕೀಲರಿಗೂ ಠಾಣೆಯಲ್ಲೂ ಎಲ್ಲ ಹೇಳಿದೆ. ಠಾಣೆಯವರು ಬರೆದುಕೊಳ್ಳಲೇ ಇಲ್ಲ. ವಕೀಲರು ಕನ್ನಡಕ ಒರೆಸುತ್ತಾ ‘ಯಜಮಾನ್ರೇ, ಮಕ್ಕಳನ್ನ ಉಳಿಸೋಕೆ ಎಲ್ಲ ಅಪ್ಪಂದಿರೂ ಹೀಗೇ ಹೇಳ್ತಾರೆ, ಎಲ್ಲಿ ಆ ಬಟ್ಟೆ?’ ಅಂದರು. ಬಟ್ಟೆ ಇಲ್ಲ. ಇರುವ ಸಾಕ್ಷಿ ನೀನೊಬ್ಬಳೇ. ಅವತ್ತು ಕಾರು ಹೊರಗೆ ತೆಗೆಯುವ ಮೊದಲು ಕಿಟಕಿ ಇಳಿಸಿ ‘ಅಪ್ಪಾ, ಒಂಬತ್ತೂ ಎಣಿಸಿದ್ಯಾ?’ ಅಂತ ಕೇಳಿದೆ. ‘ಎಣಿಸಿದೀನಿ, ಹೋಗೇ’ ಅಂತ ನಾನು ಗದರಿದೆ. ಡಾಕ್ಟರು ಅಷ್ಟರಲ್ಲಿ ಫೋನು ಹಿಡಿದು ಹೊರಗೆ ಹೋಗಿದ್ದರು, ಕೇಳಿಸಿಕೊಂಡವರು ನಾವಿಬ್ಬರೇ. ಎರಡು ತಿಂಗಳಿಂದ ಈ ಮಾತನ್ನು ನೀನು ಯಾರಿಗೂ ಹೇಳಿಲ್ಲ. ಮರೆತಿದ್ದೀಯ ಅಂತ ನಾನು ನೆಮ್ಮದಿಯಾಗಿದ್ದೆ. ಹೋದ ವಾರ ನಾನು ಹೊರಡುವಾಗ ಜಾಲರಿಗೆ ಬೆರಳು ತೂರಿಸಿ ‘ಇನ್ಮೇಲೆ ಒಬ್ಬನೇ ಕೆಲಸ ಮಾಡ್ಬೇಡಪ್ಪ’ ಅಂದೆಯಲ್ಲ, ಬಸ್ಸು ಅರ್ಧ ದಾರಿ ಬಂದಮೇಲೆ ನನಗೆ ಹೊಳೆಯಿತು. ನಿನಗೆ ಮೊದಲ ದಿನದಿಂದಲೇ ಗೊತ್ತು. ಗೊತ್ತಿದ್ದೇ ನನ್ನ ಬದಲು ಒಪ್ಪಿಕೊಳ್ಳುತ್ತಿದ್ದೀಯ. ಬೇಡ ಪುಟ್ಟಾ. ಸೋಮವಾರ ನೀನು ಕೇಳಿದ್ದನ್ನೂ ನಾನು ಅಂದದ್ದನ್ನೂ ಇದ್ದ ಹಾಗೇ ಹೇಳು. ನಾನು ಅಲ್ಲೇ ಕೂತಿರುತ್ತೇನೆ. ನನ್ನ ಮುಖ ನೋಡಬೇಡ, ನ್ಯಾಯಾಧೀಶರನ್ನು ನೋಡಿ ಹೇಳು.